ಸ್ಟಾರ್ಟ್ ಆಗದ ಟ್ರ್ಯಾಕ್ಟರಿಗೆ ಬ್ರೇಕ್ ಯಾಕೆ?

ಯಜಮಾನರು: ಕೆಮ್ಮಿತು! ಕೇಳಿಸ್ತಾ? ಕೆಮ್ಮಿತು ಕಣೇ! ಕೆಮ್ಮಿದೆ ಅಂದ್ರೆ ಒಳಗೆ ಜೀವ ಇದೆ ಅಂತ.

ಹೆಂಡತಿ: ಕೇಳಿಸ್ತು ರೀ. ನಿನ್ನೆಯೂ ಕೆಮ್ಮಿತ್ತು, ಮೊನ್ನೆಯೂ ಕೆಮ್ಮಿತ್ತು. ಇದನ್ನ ಉಳೋಕೆ ತಂದಿದ್ದಾ, ಕೆಮ್ಮೋಕೆ ತಂದಿದ್ದಾ?

ಯಜಮಾನರು: ವಯಸ್ಸಾಗಿದೆ ಅದಕ್ಕೆ. ವಯಸ್ಸಾದೋರ ಹತ್ರ ಸ್ವಲ್ಪ ತಾಳ್ಮೆ ಬೇಕು.

ಹೆಂಡತಿ: ವಯಸ್ಸಾದೋರ ಹತ್ರ ತಾಳ್ಮೆ ಇಲ್ಲದಿದ್ರೆ ನಾನು ಯಾವತ್ತೋ ತವರುಮನೆ ಸೇರ್ತಿದ್ದೆ.

ಮನೆಯ ಹಿಂದಿನ ತಗಡಿನ ಶೆಡ್ಡಿನ ಬಾಗಿಲಲ್ಲಿ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒಳಗೆ ಹಿತ್ತಿಲು ಉಳುವ ಪುಟ್ಟ ಕೆಂಪು ಟ್ರ್ಯಾಕ್ಟರು. ಕತ್ತೆಮರಿಗಿಂತ ಒಂದಿಷ್ಟು ದೊಡ್ಡದು, ಹಟದಲ್ಲಿ ಕತ್ತೆಗೆ ಸಮ. ಇವರ ಮದುವೆಗಿಂತಲೂ ಹಿಂದಿನ ಕಾಲದ್ದು. ಯಾರದೋ ತೋಟದ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಯಜಮಾನರು ಕೆಲಸದಿಂದ ನಿವೃತ್ತರಾದ ವಾರದಲ್ಲೇ ಮನೆಗೆ ತಂದಿದ್ದರು. ಅಂದಿನಿಂದ ಉಜ್ಜಿದ್ದಾರೆ, ಬಣ್ಣ ಬಳಿದಿದ್ದಾರೆ, ಬಿಚ್ಚಿದ್ದಾರೆ, ಜೋಡಿಸಿದ್ದಾರೆ. ಮುಖ ನೋಡಿಕೊಳ್ಳುವಷ್ಟು ಹೊಳಪು ಬಂದಿದೆ. ಓಡುವುದೊಂದು ಬಂದಿಲ್ಲ.

ಶೆಡ್ಡಿನಾಚೆ ಆಕೆಯ ಸಸಿಗಳು. ಬೆಳೆಸಿ ಮಾರುವುದು ಆಕೆಯ ಕಸುಬು. ಈ ಸಲ ತಾಯಿಗಿಡಗಳಾಗಲೆಂದು ಸ್ವಂತಕ್ಕೇ ಉಳಿಸಿಕೊಂಡಿದ್ದ ಸಸಿಗಳು ಚೀಲ ಹರಿದು ಬೇರು ಚಾಚಿ, ನೆಲ ಸಿಗದೆ ಬಾಡತೊಡಗಿದ್ದವು. ನೆಲವೋ, ಉಳದೆ ಕಲ್ಲಿನಂತೆ ಬಿಗಿದುಕೊಂಡಿತ್ತು.

ಹೆಂಡತಿ: ನಾನು ಟಿಲ್ಲರ್‌ನವನಿಗೆ ಹೇಳಿಬಿಟ್ಟಿದ್ದೀನಿ. ಇವತ್ತು ಮಧ್ಯಾಹ್ನ ಬರ್ತಾನೆ.

ಯಜಮಾನರ ಕೈಯಿಂದ ಸ್ಪ್ಯಾನರ್ ಜಾರಿ ಠಣ್ ಎಂದಿತು.

ಯಜಮಾನರು: ಮನೇಲಿ ಟ್ರ್ಯಾಕ್ಟರ್ ಇಟ್ಕೊಂಡು ಬಾಡಿಗೆ ಟಿಲ್ಲರಾ? ಬೀದಿಯವರು ಏನಂದಾರು?

ಹೆಂಡತಿ: ಕೊನೆಗೂ ಬುದ್ಧಿ ಬಂತು ಅಂತಾರೆ.

ಯಜಮಾನರು: ನೋಡು, ಕೈ ಕೆಸರಾದ್ರೆ ಬಾಯಿ ಮೊಸರು ಅಂತ ದೊಡ್ಡೋರು...

ಹೆಂಡತಿ: ನಿಮ್ಮ ಕೈ ಗ್ರೀಸಾಗಿ ಎಷ್ಟು ಕಾಲ ಆಯ್ತು? ಮೊಸರು ಹಾಗಿರ್ಲಿ, ಮಜ್ಜಿಗೆ ನೀರಾದ್ರೂ ಕಂಡ್ವಾ? ಟಿಲ್ಲರ್ ಒಳಗೆ ಬರೋಕೂ ಇದೇ ಅಡ್ಡ. ಮೂಲೆಗೆ ತಳ್ಳಿ ಇದರ ಮೇಲೆ ಕುಂಬಳದ ಬಳ್ಳಿ ಹಬ್ಬಿಸ್ತೀನಿ. ಬಣ್ಣ ಚೆನ್ನಾಗಿ ಒಪ್ಪುತ್ತೆ.

ಅಷ್ಟರಲ್ಲಿ ಪಕ್ಕದ ಓಣಿಯಲ್ಲಿ ದಡದಡ ಓಡುವ ಸದ್ದು. ಆಕೆಯ ತಮ್ಮ ಬಂದ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕ ಕೂತು ಕೂತು ಯಾವಾಗಲೂ ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುವ ಅಭ್ಯಾಸ ಅವನಿಗೆ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ, ಕಣ್ಣಲ್ಲಿ ನೀರು.

ತಮ್ಮ: ಅಕ್ಕಾ! ಎಲ್ಲಿ ಮಲಗಿಸಿದ್ದೀಯ?

ಹೆಂಡತಿ: ಯಾರನ್ನೋ?

ತಮ್ಮ: ಭಾವನ್ನ! (ಬಾನೆಟ್ಟಿನ ಹಿಂದಿನಿಂದ ಭಾವನ ತಲೆ ಮೇಲೆದ್ದದ್ದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದು) ಅಯ್ಯೋ, ಭಾವ! ಎದ್ದು ಓಡಾಡ್ತಿದ್ದೀರಾ?

ಯಜಮಾನರು: ಯಾಕಪ್ಪ, ಓಡಾಡಬಾರದಾ?

ತಮ್ಮ: ಅಕ್ಕ ಬೆಳಗ್ಗೆ ಫೋನಲ್ಲಿ ಏನಂದ್ಲು ಗೊತ್ತಾ? "ನಿಮ್ಮ ಭಾವಂದು ಅದೇ ಗೋಳು ಕಣೋ. ಬೆಳಗ್ಗೆಯಿಂದ ಒಂದೇ ಕೆಮ್ಮು, ಆಮೇಲೆ ಉಸಿರಿಲ್ಲ. ಹಗ್ಗ ಹಾಕಿ ಎಳೆದಿದ್ದೂ ಆಯ್ತು. ಟಿಲ್ಲರ್‌ನವನು ಬರೋದ್ರೊಳಗೆ ಎತ್ತಿ ಆಚೆ ಹಾಕೋಣ, ಬಾ." ನನಗೆ ಟಿಲ್ಲರ್ ಅನ್ನೋದು ಡಾಕ್ಟರ್ ಅಂತ ಕೇಳಿಸ್ತು!

ಯಜಮಾನರು: (ಹೆಂಡತಿಯ ಕಡೆ ತಿರುಗಿ) ಎತ್ತಿ ಆಚೆ ಹಾಕೋಣ ಅಂದ್ಯಾ?

ಹೆಂಡತಿ: ಟ್ರ್ಯಾಕ್ಟರನ್ನ ರೀ!

ಯಜಮಾನರು: ಅದೇ ಕಣೇ ನಾನೂ ಕೇಳಿದ್ದು. ನನ್ನನ್ನಾಗಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ.

ತಮ್ಮ: ಒಂದು ತಪ್ಪಾಗಿದೆ ಅಕ್ಕ. ನಾನು ದೊಡ್ಡಕ್ಕಂಗೂ ಫೋನ್ ಮಾಡಿದ್ದೀನಿ. ಅಳ್ತಾ ಬಸ್ ಹತ್ತಿದ್ದಾಳೆ.

ಹೆಂಡತಿ: ಬರ್ಲಿ ಬಿಡು. ಸಸಿ ನೆಡೋಕೆ ಒಂದು ಕೈ ಜಾಸ್ತಿ ಆಯ್ತು.

ತಮ್ಮ ಕಣ್ಣೊರೆಸಿಕೊಂಡು, ರೋಗಿಗೆಂದು ತಂದ ಕಿತ್ತಳೆಯನ್ನು ತಾನೇ ಸುಲಿದು ತಿನ್ನುತ್ತ ಟ್ರ್ಯಾಕ್ಟರಿನ ಸುತ್ತ ಬಂದ.

ತಮ್ಮ: ಪೆಟ್ರೋಲ್ ಇದೆಯಾ ಭಾವ?

ಯಜಮಾನರು: ಇಲ್ಲದೆ! ಈಗ ತಾನೇ ಒಂದು ಲೋಟ ಹಾಕಿದ್ದೀನಿ.

ತಮ್ಮ: ಪ್ಲಗ್ಗು?

ಯಜಮಾನರು: ಹೊಸದು. ಕಿಡಿ ಚಟ್ ಅಂತ ಬರ್ತಿದೆ.

ತಮ್ಮ: ಕಾರ್ಬ್ಯುರೇಟರ್?

ಹೆಂಡತಿ: ಕೊಳೆ ಬಿಡ್ಲಿ ಅಂತ ಅದನ್ನ ನನ್ನ ಅನ್ನದ ಪಾತ್ರೇಲಿ ಬೇಯಿಸಿದ್ದಾರೆ. ಇನ್ನೊಂದು ಕುದಿ ಬಂದಿದ್ರೆ ಬಡಿಸಬಹುದಿತ್ತು.

ತಮ್ಮ: ಮತ್ತೆ ಯಾಕೆ ಸ್ಟಾರ್ಟ್ ಆಗ್ತಿಲ್ಲ?

ಯಜಮಾನರು: ಅದೇ ನನಗೂ ತಿಳೀತಿಲ್ಲ ಕಣಯ್ಯ. ಒಳಗೆ ತಗೊಳ್ಳುತ್ತೆ, ಹೊರಗೆ ಬಿಡಲ್ಲ. ಎರಡು ಸಲ ಡುಗ್ ಡುಗ್ ಅನ್ನುತ್ತೆ, ಯಾರೋ ಕತ್ತು ಹಿಸುಕಿದ ಹಾಗೆ ನಿಂತುಬಿಡುತ್ತೆ.

ಹೆಂಡತಿ: ಬಿಟ್ಟುಬಿಡಿ ರೀ ಅತ್ಲಾಗೆ. ಹೂಕುಂಡಕ್ಕೆ ಬಣ್ಣ ಬಳಿದುಕೊಡಿ, ಎಷ್ಟೋ ಉಪಕಾರ. ಈ ಕಬ್ಬಿಣದ ಮೇಲೆ ಅದೇನು ಮೋಹ ನಿಮಗೆ?

ಯಜಮಾನರು ಸ್ಪ್ಯಾನರನ್ನು ಕೆಳಗಿಟ್ಟರು. ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಅವರು ಕೆಲಸ ಮಾಡಿದ್ದು ದೊಡ್ಡ ಕಟ್ಟಡವೊಂದರ ಲಿಫ್ಟಿನಲ್ಲಿ, ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವ ಕೆಲಸ.

ಯಜಮಾನರು: ಕೆಲಸಕ್ಕೆ ಸೇರಿದಾಗಿನಿಂದ ಮೇಲೆ ಹೋದೆ, ಕೆಳಗೆ ಬಂದೆ. ಮೇಲೆ ಹೋದೆ, ಕೆಳಗೆ ಬಂದೆ. ಅಷ್ಟು ಓಡಾಡಿದ್ರೂ ಒಂದಡಿ ಮುಂದಕ್ಕೆ ಹೋಗ್ಲಿಲ್ಲ ಕಣೇ. ಇದರ ಮೇಲೆ ಕೂತು, ತಣ್ಣಗೆ ಗಾಳಿ ಬೀಸ್ತಾ ಇದ್ರೆ, ಒಂದ್ಸಲ ಮುಂದಕ್ಕೆ ಹೋಗ್ಬೇಕು ಅನ್ನಿಸ್ತು. ಅಷ್ಟೇ.

ಆಕೆ ಏನಾದರೂ ಮೆತ್ತಗಿನ ಮಾತು ಹೇಳಬೇಕೆನ್ನಿಸಿ, ಗಂಡನ ಮುಖ ನೋಡಲಾರದೆ ಟ್ರ್ಯಾಕ್ಟರನ್ನು ನೋಡಿದಳು. ಮೂತಿಯ ಪಕ್ಕದಲ್ಲಿ ನೆಟ್ಟಗೆ ನಿಂತ ಹೊಗೆ ಕೊಳವೆಯನ್ನು ನೋಡಿದಳು. ನೋಡುತ್ತಲೇ ಮರೆತಿದ್ದೊಂದು ನೆನಪಾಯಿತು.

ಕಳೆದ ಮಳೆಗಾಲದಲ್ಲಿ ಯಜಮಾನರು ನೆಂಟರ ಊರಿಗೆ ಹೊರಟಾಗ, "ಶೆಡ್ಡು ಸೋರುತ್ತೆ, ಆ ಕೊಳವೆಯೊಳಗೆ ನೀರು ಇಳಿಯದ ಹಾಗೆ ನೋಡ್ಕೋ" ಎಂದಿದ್ದರು. ಆಕೆ ನೋಡಿಕೊಂಡಿದ್ದಳು. ಕೈಗೆ ಸಿಕ್ಕ ಕಾಲುಚೀಲವೊಂದನ್ನು ಸುರುಳಿ ಮಾಡಿ, ಕೋಲಿನಿಂದ ಆಳಕ್ಕೆ ತುರುಕಿ, ಮೇಲೊಂದು ಡಬ್ಬಿ ಕವುಚಿದ್ದಳು. ಡಬ್ಬಿಯನ್ನು ಯಜಮಾನರು ವಾಪಸ್ಸು ಬಂದ ದಿನವೇ ತೆಗೆದಿದ್ದರು. ಕಾಲುಚೀಲದ ಮಾತು ಆಕೆಗೆ ಮರೆತೇಹೋಗಿತ್ತು. ಒಂಟಿ ಕಾಲುಚೀಲ ಹಿಡಿದು ಅವರು ಮನೆಯೆಲ್ಲ ಹುಡುಕಾಡಿದಾಗ "ಗಾಳಿಗೆ ಹಾರಿಹೋಗಿರ್ಬೇಕು" ಎಂದು ಗದರಿದ್ದೂ ಆಕೆಯೇ!

ಹೆಂಡತಿ: ರೀ... ಇನ್ನೊಂದೇ ಒಂದು ಸಲ ನೋಡಿಬಿಡಿ.

ಯಜಮಾನರು: (ಬೆರಗಾಗಿ) ಏನಂದೆ?

ಹೆಂಡತಿ: ಕಿವಿಗೂ ಗ್ರೀಸ್ ಹೋಗಿದ್ಯಾ? ಇನ್ನೊಂದ್ಸಲ ನೋಡಿ ಅಂದೆ. ಮೊದಲು ಇದನ್ನ ಬೆಳಕಿಗೆ ತಳ್ಳಿ. ಆಮೇಲೆ ಇಬ್ಬರೂ ಹೋಗಿ ಕೈಕಾಲು ತೊಳ್ಕೊಂಡು ನೀರು ಕುಡಿದು ಬನ್ನಿ.

ತಮ್ಮ: ನನ್ನ ಕೈ ಚೆನ್ನಾಗೇ ಇದೆ ಅಕ್ಕ.

ಹೆಂಡತಿ: ಹೋಗೋ ಅಂದ್ರೆ!

ಮೂವರೂ ಸೇರಿ ಟ್ರ್ಯಾಕ್ಟರನ್ನು ಹಿತ್ತಿಲಿನ ಅಂಚಿಗೆ ತಳ್ಳಿದರು. ಗಂಡಸರ ಬೆನ್ನು ಮರೆಯಾದದ್ದೇ ತಡ, ಆಕೆ ಕುಂಡ ತೂಗುಹಾಕುವ ತಂತಿಯ ಕೊಕ್ಕೆಯನ್ನು ಕೊಳವೆಗೆ ಇಳಿಸಿ ಮೀನು ಹಿಡಿಯುವವಳಂತೆ ಎಳೆದಳು. ಮಸಿ ಹಿಡಿದ ಕಾಲುಚೀಲ ಬುಸಕ್ಕನೆ ಈಚೆ ಬಂತು. ಅದನ್ನು ಸಸಿಯ ಚೀಲವೊಂದರ ಮಣ್ಣಿನಲ್ಲಿ ಹೂತುಹಾಕಿ, ಏನೂ ಅರಿಯದವಳಂತೆ ಟ್ರ್ಯಾಕ್ಟರಿನ ಸೀಟಿನ ಮೇಲೆ ಹತ್ತಿ ಕೂತಳು.

ತಮ್ಮ: (ಮರಳಿ ಬಂದು) ನೀನ್ಯಾಕೆ ಅಲ್ಲಿ ಹತ್ತಿದೆ?

ಹೆಂಡತಿ: ನಿಮ್ಮ ಭಾವ ಮುಂದೆ ನಿಂತು ಹಗ್ಗ ಎಳೀಬೇಕು. ಕ್ಲಚ್ ಒತ್ತೋಕೆ ಯಾರಾದ್ರೂ ಬೇಡ್ವಾ?

ತಮ್ಮ: ಹಾಗಾದ್ರೆ ಕೇಳು. ಬೆನ್ನು ನೆಟ್ಟಗೆ. ಕನ್ನಡಿ ನೋಡ್ಕೋ.

ಹೆಂಡತಿ: ಟ್ರ್ಯಾಕ್ಟರಿಗೆ ಕನ್ನಡಿ ಎಲ್ಲಿದೆಯೋ?

ತಮ್ಮ: ಇಲ್ಲದಿದ್ರೂ ನೋಡ್ಬೇಕು. ಪರೀಕ್ಷೇಲಿ ನಪಾಸ್ ಮಾಡ್ತಾರೆ.

ಯಜಮಾನರು ಎಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಎಳೆದರು. ಟ್ರ್ಯಾಕ್ಟರು ಕೆಮ್ಮಲಿಲ್ಲ. ಡುಗುಡುಗುಡುಗು ಎಂದು ಗುಡುಗಿತು. ಕೊಳವೆಯಿಂದ ಕಪ್ಪು ಹೊಗೆ ಎದ್ದು ಮರದ ಮೇಲಿನ ಕಾಗೆಗಳು ಹಾರಿದವು. ಯಜಮಾನರು ಹಗ್ಗ ಹಿಡಿದುಕೊಂಡೇ ಎರಡು ಸುತ್ತು ಕುಣಿದರು.

ಯಜಮಾನರು: ನೋಡಿದ್ಯಾ! ಕಾರ್ಬ್ಯುರೇಟರ್ ಬೇಯಿಸಿದ್ದೇ ಬೇಯಿಸಿದ್ದು!

ಹೆಂಡತಿ: ಹೌದು ರೀ, ಎಲ್ಲಾ ನಿಮ್ಮ ಕೈಗುಣ!

ಹೇಳಿದ ಭರದಲ್ಲಿ ಕ್ಲಚ್ಚಿನ ಮೇಲಿದ್ದ ಕಾಲು ಜಾರಿತು. ಗೇರಿನಲ್ಲೇ ಇದ್ದ ಟ್ರ್ಯಾಕ್ಟರು ಚಂಗನೆ ಮುಂದೆ ಹಾರಿತು. ಯಜಮಾನರು ಪಕ್ಕದ ಗೊಬ್ಬರದ ಗುಡ್ಡೆಗೆ ಜಿಗಿದರು. ಉಜ್ಜಿ ಹೊಳಪು ಕೊಟ್ಟು ಹಿಂದೆ ಸಿಕ್ಕಿಸಿದ್ದ ಪುಟ್ಟ ನೇಗಿಲು ಕಚಕ್ಕನೆ ನೆಲಕ್ಕಿಳಿದು ಮಣ್ಣು ಹೊರಳಿಸತೊಡಗಿತು.

ತಮ್ಮ: ಕ್ಲಚ್ ಒತ್ತಕ್ಕಾ, ಕ್ಲಚ್ಚು!

ಹೆಂಡತಿ: ಒತ್ತಿದೆ ಕಣೋ! ಪೆಡಲ್ಲು ಕಳಚಿ ಜೋತಾಡ್ತಿದೆ!

ತಮ್ಮ: ಬ್ರೇಕ್! ಬ್ರೇಕ್ ಒತ್ತು! (ತಾನೇ ನೆಲಕ್ಕೆ ಬಲಗಾಲು ಒತ್ತಿ ಹಿಡಿದ.)

ಯಜಮಾನರು: (ಗೊಬ್ಬರದಿಂದ) ಬ್ರೇಕ್ ಇನ್ನೂ ಹಾಕಿಲ್ಲ ಕಣಯ್ಯ!

ತಮ್ಮ: ಬ್ರೇಕ್ ಇಲ್ಲದೆ ಗಾಡಿ ಸ್ಟಾರ್ಟ್ ಮಾಡಿದ್ರಾ ಭಾವ?

ಯಜಮಾನರು: ಸ್ಟಾರ್ಟ್ ಆಗದ ಟ್ರ್ಯಾಕ್ಟರಿಗೆ ಬ್ರೇಕ್ ಯಾಕೆ ಅಂತ ಬಿಟ್ಟಿದ್ದೆ!

ತಮ್ಮ: ಎಂಜಿನ್ನಾದ್ರೂ ಆರಿಸಿ!

ಯಜಮಾನರು: ಆರಿಸೋ ವೈರೂ ಹಾಕಿಲ್ಲ, ಅದೇ ಕಾರಣಕ್ಕೆ!

ಪುಣ್ಯಕ್ಕೆ ಟ್ರ್ಯಾಕ್ಟರಿನ ನಡಿಗೆ ಎಮ್ಮೆಯದು. ಯಜಮಾನರು ಎದ್ದು, ಪಕ್ಕದಲ್ಲೇ ಬಿರುಸಾಗಿ ನಡೆಯುತ್ತ ಕೈ ಚಾಚಿದರು.

ಯಜಮಾನರು: ಹೆದರ್ಬೇಡ! ಪ್ಲಗ್ಗಿನ ವೈರ್ ಕಿತ್ತುಬಿಡ್ತೀನಿ!

ಹೆಂಡತಿ: ಮುಟ್ಟಿದ್ರೆ ನೋಡಿ! ಆ ಮೂಲೆ ಇನ್ನೂ ಹಾಗೇ ಇದೆ!

ಯಜಮಾನರ ಚಾಚಿದ ಕೈ ಚಾಚಿದಂತೆಯೇ ನಿಂತಿತು. ಹೆಂಡತಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನಂಥ ನೆಲವನ್ನು ಉತ್ತುಕೊಂಡು ಹೋಗುತ್ತಿದ್ದಳು. ಹಿಂದೆ ಕಪ್ಪು ಮಣ್ಣು ಮಡಿಮಡಿಯಾಗಿ ಏಳುತ್ತಿತ್ತು. ಗಾಳಿಗೆ ಕೂದಲು ಕೆದರಿತ್ತು. ಅಷ್ಟು ಜೋರಾಗಿ ನಗುವುದನ್ನು ಆಕೆ ಯಾವಾಗ ಬಿಟ್ಟಿದ್ದಳೋ ಆಕೆಗೇ ನೆನಪಿರಲಿಲ್ಲ.

ಹೆಂಡತಿ: ಲೋ, ಟಿಲ್ಲರ್‌ನವನಿಗೆ ಫೋನ್ ಮಾಡಿ ಬರಬೇಡ ಅನ್ನು!

ತಮ್ಮ: ಯಾಕೆ ಅಂತ ಕೇಳಿದ್ರೆ?

ಹೆಂಡತಿ: ನಮ್ಮನೇಲಿ ಟ್ರ್ಯಾಕ್ಟರ್ ಇದೆ ಅನ್ನು!

ತಮ್ಮ: ಸಾಲೆಲ್ಲ ಸೊಟ್ಟ ಆಗ್ತಿದೆ ಅಕ್ಕ!

ಹೆಂಡತಿ: ಸಸಿಗೇನು ಕಣ್ಣಿದ್ಯಾ? ಬೇರು ಬಿಡುತ್ತೆ, ಸುಮ್ನಿರು!

ಹೋಗುವಾಗ ಪಕ್ಕದಲ್ಲಿ, ತಿರುಗುವಾಗ ಪಕ್ಕದಲ್ಲಿ ಯಜಮಾನರು ನಡೆಯುತ್ತಲೇ ಇದ್ದರು. ಏದುಸಿರು ಬಿಡುತ್ತಿದ್ದರೂ ಬಾಯಿ ಬಿಟ್ಟು ಕೇಳಲಿಲ್ಲ. ಅವರ ಕಣ್ಣು ಮಾತ್ರ ಸೀಟನ್ನು ಬಿಟ್ಟು ಕದಲುತ್ತಿರಲಿಲ್ಲ. ಆಕೆಗೆ ಅರ್ಥವಾಯಿತು. ಕೊನೆಯ ಸಾಲಿನ ತಿರುವಿನಲ್ಲಿ ಪಕ್ಕಕ್ಕೆ ಸರಿದು, ಓಡುತ್ತಿರುವಾಗಲೇ ನೆಲಕ್ಕಿಳಿದಳು.

ಹೆಂಡತಿ: ಹತ್ತಿ! ಬೇಗ ಹತ್ತಿ ರೀ, ಬೇಲಿಗೆ ಹೋದೀತು!

ಯಜಮಾನರು ಹತ್ತಿದರು. ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು, ಮುಂದಕ್ಕೆ ನೋಡಿದರು. ಟ್ರ್ಯಾಕ್ಟರು ಸಾಲಿನ ಉದ್ದಕ್ಕೂ ಸಾಗಿತು. ಬೇಲಿಗೆ ಇನ್ನೇನು ಮೂತಿ ತಗಲಬೇಕು ಅನ್ನುವಾಗ ಪೆಟ್ರೋಲು ಮುಗಿದು, ಒಮ್ಮೆ ಬಿಕ್ಕಿ, ಸುಮ್ಮನಾಯಿತು. ಹಿತ್ತಿಲಿನಲ್ಲಿ ಹಸಿ ಮಣ್ಣಿನ ವಾಸನೆ. ಯಜಮಾನರು ಮಾತ್ರ ಇಳಿಯಲಿಲ್ಲ.

ತಮ್ಮ: ಹೇಗಿತ್ತು ಭಾವ?

ಯಜಮಾನರು: (ಮೆಲ್ಲಗೆ) ಮುಂದೆ ಹೋಗೋದು ಅಂದ್ರೆ ಬೇರೇನೇ ಕಣಯ್ಯ. (ಸ್ಟೀರಿಂಗ್ ತಟ್ಟಿ) ಇರ್ಲಿ. ನಾಳೆಯೇ ಎಂಜಿನ್ ಮತ್ತೆ ಬಿಚ್ಚಿ, ಬ್ರೇಕು, ವೈರು, ಎಲ್ಲಾ ಹಾಕಿ, ಇದಕ್ಕೆ ನಿಲ್ಲೋದನ್ನ ಕಲಿಸ್ತೀನಿ.

ಹೆಂಡತಿ: ಬಿಚ್ಚೋ ಮಾತಾಡಿದ್ರೆ ಸ್ಪ್ಯಾನರನ್ನ ಬಾವಿಗೆ ಹಾಕ್ತೀನಿ! ನಿಲ್ಲೋದನ್ನ ಅದಕ್ಕೆ ಕಲಿಸ್ಬೇಕಾ? ಇಷ್ಟು ಕಾಲ ಅದೊಂದನ್ನೇ ತಾನೆ ಮಾಡ್ಕೊಂಡು ಬಂದಿದ್ದು!