ಲ್ಯಾಪ್‌ಟಾಪಿಗೆ ಪರಿಚಯಸ್ಥರು

ಚಾಮರಾಜಪೇಟೆಯ ಸಾವಧಾನ ಪತ್ತಿನ ಸಹಕಾರ ಸಂಘದಲ್ಲಿ ಖಾತೆ ತೆರೆಯಲು ಪರಿಚಯಸ್ಥರೊಬ್ಬರ ಸಹಿ ಕಡ್ಡಾಯ. ಇದಕ್ಕೆ ವಿನಾಯಿತಿ ಇಲ್ಲ. ಪರಿಚಯಸ್ಥರು ಸಿಗದೆ ಸಂಸ್ಥಾಪಕರ ಸ್ವಂತ ಖಾತೆಯೇ ಎರಡು ವರ್ಷ ತಡವಾಗಿತ್ತು.

ಸಂಘದ ಸಾಫ್ಟ್‌ವೇರ್ ಬರೆಯುವವಳು ದೀಪ್ತಿ ಒಬ್ಬಳೇ. ಅವಳ ಹೆರಿಗೆ ರಜೆ ಸೋಮವಾರ ಮುಗಿಯಲಿತ್ತು, ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಎನ್.ಆರ್. ಕಾಲೋನಿಯ ಮನೆಯಿಂದಲೇ ಕೆಲಸ ಮಾಡಲು ಬಿಡದಿದ್ದರೆ ಕೆಲಸ ಬಿಡಬೇಕು, ಆ ಕೆಲಸವೆಂದರೆ ಅವಳಿಗೆ ಪ್ರಾಣ. ಹಾಗಾಗಿ ಮನೆಯಿಂದ ಸಂಘದ ಸರ್ವರಿಗೆ ಸುರಕ್ಷಿತವಾಗಿ ಸೇರುವ ಎರಡು ದಾರಿಗಳನ್ನು ಹೋಲಿಸಿ ಹನ್ನೆರಡು ಪುಟದ ವರದಿ ಕೊಟ್ಟಳು. ಒಂದು ವಿಪಿಎನ್. ಅದರಲ್ಲಿ ಒಮ್ಮೆ ಹೊಸ್ತಿಲು ದಾಟಿದರೆ ಮನೆಯೆಲ್ಲಾ ಓಡಾಡಬಹುದು. ಇನ್ನೊಂದರಲ್ಲಿ ಪ್ರತಿ ಕೋಣೆಯ ಬಾಗಿಲಲ್ಲೂ ಯಾರು, ಯಾಕೆ ಎಂದು ಕೇಳುತ್ತಾರೆ. ಎರಡನೆಯದೇ ಸೂಕ್ತ ಎಂದು ಬರೆದಿದ್ದಳು.

ಕಾರ್ಯದರ್ಶಿ ಮಲ್ಲಿಕಾರ್ಜುನಯ್ಯನವರು ವರದಿಯನ್ನು ಎರಡು ಸಲ ಓದಿದರು.

"ಎರಡರಲ್ಲೂ ಪರಿಚಯಸ್ಥರ ಕಾಲಂ ಇಲ್ವಲ್ಲಮ್ಮ."

"ಪಾಸ್‌ವರ್ಡ್ ಇರತ್ತೆ ಸಾರ್, ಫೋನಿಗೆ ಒಟಿಪಿ ಬರತ್ತೆ."

"ನೀವು ನಮಗೆ ಗೊತ್ತು. ನಿಮ್ಮ ಲ್ಯಾಪ್‌ಟಾಪ್ ಯಾರಿಗೆ ಗೊತ್ತು?"

ಮರುದಿನ ಸುತ್ತೋಲೆ ಹೊರಟಿತು: 'ದೂರದಿಂದ ಸಂಪರ್ಕಿಸುವ ಪ್ರತಿ ಯಂತ್ರವನ್ನೂ ಮೂರು ವರ್ಷಗಳಿಂದ ಬಲ್ಲ ಸದಸ್ಯರೊಬ್ಬರು, ಪ್ರತಿ ಕೆಲಸದ ದಿನವೂ ಸದರಿ ಯಂತ್ರಸಮೇತ ಕಚೇರಿಗೆ ಖುದ್ದು ಹಾಜರಾಗಿ ಪರಿಚಯಿಸತಕ್ಕದ್ದು.'

ದೀಪ್ತಿಯ ಪಕ್ಕದ ಮನೆಯ ಅಲಮೇಲಮ್ಮ, ನಿವೃತ್ತ ಗಣಿತದ ಮೇಡಂ, ಸಂಘದ ಹಳೆಯ ಸದಸ್ಯೆ. ಆ ಲ್ಯಾಪ್‌ಟಾಪಿನ ಮೇಲೆ ಒಮ್ಮೆ ಕಾಫಿ ಚೆಲ್ಲಿದ್ದರಿಂದ ಪರಿಚಯ ಗಾಢವಾಗಿಯೇ ಇತ್ತು. ನಮೂನೆಯಲ್ಲಿ ಬರೆದುಕೊಟ್ಟರು: 'ಮಿತಭಾಷಿ. ನಡತೆ ಉತ್ತಮ.'

ಸೋಮವಾರದಿಂದ ಅವರು ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಆಟೋ ಹತ್ತತೊಡಗಿದರು. ಸಾಲು, ಸಹಿ, ಸಹಿಯ ತಾಳೆ, ಮೊಹರು ಎಲ್ಲ ಮುಗಿಸಿ ಮನೆಗೆ ಬರುವಾಗ ಸಂಜೆ ಐದೂವರೆ. ಸರ್ವರ್ ಐದಕ್ಕೇ ಮುಚ್ಚುತ್ತಿತ್ತು.

ದೀಪ್ತಿ ಕಾರ್ಯದರ್ಶಿಗೆ ಫೋನ್ ಮಾಡಿದಳು. "ಸಾರ್, ಲ್ಯಾಪ್‌ಟಾಪ್ ದಿನವಿಡೀ ನಿಮ್ಮ ಹತ್ರಾನೇ ಇರತ್ತೆ. ನಾನು ಕೆಲಸ ಯಾವಾಗ ಮಾಡ್ಲಿ?"

"ಅದು ಸುರಕ್ಷತೆಯ ಪ್ರಶ್ನೆ ಅಲ್ಲಮ್ಮ," ಎಂದರು ಅವರು, ಬಹಳ ಸೌಜನ್ಯದಿಂದ.

ಮೂರು ತಿಂಗಳು ಹೊರಗಿನವರು ಒಬ್ಬರೂ ಸರ್ವರಿಗೆ ನುಗ್ಗಲಿಲ್ಲ. ದೀಪ್ತಿಯೂ ನುಗ್ಗಲಿಲ್ಲ. ಆಡಳಿತ ಮಂಡಳಿ ಸಂತೋಷಪಟ್ಟು, ಮಹಾಸಭೆಯಲ್ಲಿ ಲ್ಯಾಪ್‌ಟಾಪಿಗೆ ಶಾಲು ಹೊದಿಸಿತು. ಹಾಜರಿ ಪುಸ್ತಕ ತೆಗೆದು ನೋಡಿದರೆ ಲ್ಯಾಪ್‌ಟಾಪ್ ಒಂದು ದಿನವೂ ತಪ್ಪಿಸಿರಲಿಲ್ಲ, ದೀಪ್ತಿ ಒಂದು ದಿನವೂ ಬಂದಿರಲಿಲ್ಲ. ಅವಳ ಹುದ್ದೆಗೆ ಲ್ಯಾಪ್‌ಟಾಪನ್ನೇ ಖಾಯಂ ಮಾಡಲಾಯಿತು.

ಆದೇಶ ಓದಿ ದೀಪ್ತಿಗೆ ಅಳು ಬಂತು. ಕೆಳಗೆ ಇನ್ನೊಂದು ಸಾಲಿತ್ತು: 'ದೀಪ್ತಿಯವರು ಹೊಸದಾಗಿ ಅರ್ಜಿ ಸಲ್ಲಿಸಬಹುದು. ಪರಿಚಯಸ್ಥರು ಸಂಘದ ಹಾಲಿ ನೌಕರರಾಗಿರತಕ್ಕದ್ದು.'

"ಅಳಬೇಡ ಕಣೇ," ಎಂದರು ಅಲಮೇಲಮ್ಮ, ಚೀಲವನ್ನು ಮೇಜಿನ ಮೇಲಿಟ್ಟು. "ಇದಕ್ಕೆ ನೀನು ಮೂರು ವರ್ಷದಿಂದ ಗೊತ್ತು. ಇಲ್ಲ ಅನ್ನಲ್ಲ."

ದೀಪ್ತಿ ಕಣ್ಣೊರೆಸಿಕೊಂಡಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಲ್ಯಾಪ್‌ಟಾಪಿನ ಶಾಲು ಸರಿಮಾಡಿ, ಪರಿಚಯಸ್ಥರ ಕಾಲಂನಲ್ಲಿ ಅದರ ಸೀರಿಯಲ್ ನಂಬರನ್ನು ನಿಧಾನವಾಗಿ ಬರೆದಳು.