ಮೆಕಿಂಟೈರ್ ಮನೆತನದ ವಿಚಾರಣೆ

ನಮ್ಮ ಮಂಡ್ಯದ ಕಡೆ ಜಾತಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಅದು ಮರ್ಯಾದೆಯಲ್ಲ. 'ನಿಮ್ಮದು ಯಾವೂರು?', 'ಅಲ್ಲಿ ಯಾವ ಬೀದಿ?', 'ಮನೆದೇವರು ಯಾವುದು?' ಎಂದು ಸುತ್ತಿ ಬಳಸಿ ಬಂದು, ಬೇಕಾದ್ದನ್ನು ತಿಳಿದುಕೊಂಡು, ಕೊನೆಗೆ 'ನಾವು ಅದನ್ನೆಲ್ಲ ನೋಡೋದಿಲ್ಲ ಬಿಡಿ' ಎನ್ನುತ್ತೇವೆ. ಅಮೆರಿಕದ ಫ್ರೀಮಾಂಟಿಗೆ ಬಂದು ಇಷ್ಟು ವರ್ಷವಾದ ಮೇಲೆ ಆ ಚಾಳಿ ನನ್ನನ್ನು ಬಿಟ್ಟಿದೆ ಎಂದೇ ನಂಬಿದ್ದೆ, ಹೋದ ಭಾನುವಾರದವರೆಗೆ.

ಮಗಳು ಅನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಜೊತೆಗಿರುವ ಕ್ಯಾಲಮ್ ಮೆಕಿಂಟೈರ್ ಎಂಬ ಸ್ಕಾಟ್ಲೆಂಡಿನ ಹುಡುಗನನ್ನು ಮದುವೆಯಾಗುತ್ತೇನೆ, ಭಾನುವಾರ ಊಟಕ್ಕೆ ಕರೆತರುತ್ತೇನೆ ಎಂದಳು. ನಾನು ಬಹು ಉದಾರವಾಗಿ 'ಆಯ್ತಮ್ಮ' ಎಂದೆ. ಆದರೆ ಸಂಬಂಧ ಅಂದಮೇಲೆ ಮನೆತನ ವಿಚಾರಿಸಬೇಡವೇ? ಊರಲ್ಲಾಗಿದ್ದರೆ ಯಾರದೋ ಭಾವಮೈದುನನನ್ನು ಹಿಡಿದು ಕೇಳಬಹುದಿತ್ತು. ಅವನ ಊರು ಗ್ಲಾಸ್ಗೋದಲ್ಲಿ ನನಗೆ ಯಾವ ಭಾವಮೈದುನ? ಇಂಟರ್‌ನೆಟ್ಟಿಗೆ ಶರಣಾದೆ. ಮೆಕಿಂಟೈರ್ ಎಂದರೆ ಬಡಗಿಯ ಮಗ ಎಂದಿತು. ನನ್ನ ಮುಖ ತುಸು ಇಳಿಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇಳಿದದ್ದು ನಿಜ. ಇನ್ನಷ್ಟು ಕೆದಕಿದಾಗ ಒಂದು ಐತಿಹ್ಯ ಸಿಕ್ಕಿತು. ನಡುಗಡಲಲ್ಲಿ ದೋಣಿ ತೂತಾದಾಗ ಈ ವಂಶದ ಮೂಲಪುರುಷ ತನ್ನ ಹೆಬ್ಬೆರಳನ್ನೇ ಕತ್ತರಿಸಿ ತೂತಿಗೆ ಬೆಣೆ ಹೊಡೆದನಂತೆ. ಅವನು ದೊಡ್ಡ ಪಾಳೇಗಾರರ ಪೈಕಿಯಂತೆ. ಪಾಳೇಗಾರ ಎಂದು ಓದಿದ್ದೇ ತಡ, ನನಗೆ ಸಮಾಧಾನವಾಗಿ ಹಸಿವೂ ಆಯಿತು. ಹೆಂಡತಿ ಸುಮಾಳಿಗೆ ಹೇಳಿದರೆ, 'ಹುಡುಗ ಖಾರ ತಿಂತಾನೋ ಇಲ್ವೋ, ಮೊದ್ಲು ಅದನ್ನ ಹುಡುಕಿ' ಎಂದಳು.

ಭಾನುವಾರ ಅವಳು ಅಡಿಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಳು. ಹುಡುಗ ಮುದ್ದೆ ಮುರಿಯಲು ಪರದಾಡುತ್ತಿದ್ದ. ನಾನು ದೋಣಿಯ ಕಥೆ ತೆಗೆದು, ನಿಮ್ಮದು ಪಾಳೇಗಾರರ ಕಡೆಯೋ ಬಡಗಿಗಳ ಕಡೆಯೋ ಎಂದು ಇಂಗ್ಲಿಷಿನಲ್ಲಿ ಬಹಳ ನಯವಾಗಿ ಕೇಳಿದೆ. ಅವನು ನಕ್ಕು, ತನ್ನಜ್ಜ ಬಸ್ಸು ಓಡಿಸುತ್ತಿದ್ದ, ಅದರ ಹಿಂದಿನದು ಗೊತ್ತಿಲ್ಲ ಎಂದ. ಅನು ಮಜ್ಜಿಗೆ ಲೋಟ ಕೆಳಗಿಟ್ಟಳು.

'ಅಪ್ಪ, ನೀವು ಅವನ ಜಾತಿ ಕೇಳ್ತಿದ್ದೀರಾ?'

'ಛೇ ಛೇ, ಹಿಸ್ಟರಿ ಕಣಮ್ಮ. ಸುಮ್ನೆ ಇಂಟರೆಸ್ಟಿಗೆ.'

ಕನ್ನಡ ಬಾರದ ಹುಡುಗನಿಗೆ ಇದೇನೂ ತಿಳಿಯಲಿಲ್ಲ. ನಿಮ್ಮ ಹೆಸರಿನ ಕಥೆಯನ್ನೂ ಅನು ಹೇಳಿದ್ದಾಳೆ, ನನಗೆ ಬಹಳ ಇಷ್ಟವಾಯಿತು ಎಂದ. ಅವಳಿಗೆ ಅದನ್ನು ಹೆಮ್ಮೆಯಿಂದ ಹೇಳಿಕೊಟ್ಟವನು ನಾನೇ. ನನ್ನಪ್ಪ ಚನ್ನಪ್ಪ ಮೇಷ್ಟ್ರು ನಮ್ಮನ್ನು ಶಾಲೆಗೆ ಸೇರಿಸುವಾಗ ಹೆಸರಿನ ಬಾಲದಲ್ಲಿದ್ದ ಜಾತಿಯನ್ನು ತೆಗೆಸಿಹಾಕಿದ್ದರು. 'ನನ್ನ ಮಕ್ಕಳನ್ನ ಯಾವ ಜನ ಅಂತ ಯಾರೂ ಕೇಳ್ಬಾರ್ದು, ಇವ್ರೂ ಯಾರನ್ನೂ ಕೇಳ್ಬಾರ್ದು' ಎಂದಿದ್ದರು. ಹಾಗೆ ಬಾಲವಿಲ್ಲದೆ ಅಮೆರಿಕಕ್ಕೆ ಬಂದ ನಾನು ಸರ್‌ನೇಮಿನ ಜಾಗಕ್ಕೆ ಅಪ್ಪನ ಹೆಸರನ್ನೇ ಕೊಟ್ಟೆ. ಆಫೀಸಿನಲ್ಲಿ, ಡಾಕ್ಟರ ಬಳಿ, ಎಲ್ಲರೂ ನನ್ನನ್ನು ಚನ್ನಪ್ಪ ಎಂದೇ ಕರೆಯುತ್ತಾರೆ, ನಾನೂ ಓಗೊಡುತ್ತೇನೆ. ನಾನು ಹುಡುಗನ ತಟ್ಟೆಗೆ ಇನ್ನೊಂದು ಮುದ್ದೆ ಬಡಿಸಿದೆ. ಅಪ್ಪ ಬದುಕಿಲ್ಲವಲ್ಲ ಎಂದು ಅವತ್ತು ಮೊದಲ ಸಲ ನೆಮ್ಮದಿಯಾಯಿತು, ಆ ನೆಮ್ಮದಿಗೂ ನಾಚಿಕೆಯಾಯಿತು.

ಹೊರಡುವಾಗ ಹುಡುಗ ಕೈ ಕುಲುಕಿ 'ಥ್ಯಾಂಕ್ ಯು, ಮಿಸ್ಟರ್ ಚನ್ನಪ್ಪ' ಎಂದ. ಇಷ್ಟು ವರ್ಷ ಓಗೊಟ್ಟ ಹೆಸರಿಗೆ ಅವತ್ತು ಓಗೊಡಲು ಆಗಲಿಲ್ಲ. 'ಕಾಲ್ ಮಿ ಶಂಕರ್' ಎಂದೆ. ಅವನು ಅದನ್ನು ಸಲಿಗೆ ಎಂದುಕೊಂಡು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡ. ಅನು ನನ್ನ ಮುಖವನ್ನೊಮ್ಮೆ ನೋಡಿ ಕಾರು ಹತ್ತಿದಳು.

'ಅಳಿಯನಾಗೋನ ಕೈಲಿ ಹೆಸರು ಹಿಡಿದು ಕರೆಸ್ಕೊಳ್ತೀರಲ್ಲ, ಎಷ್ಟು ದೊಡ್ಡ ಮನಸ್ಸು ನಿಮ್ದು!' ಎಂದು ಹಪ್ಪಳದ ಸದ್ದಿನಲ್ಲಿ ಊಟದ ಹೊತ್ತಿನ ಮಾತೇನೂ ಕೇಳಿಸಿಕೊಳ್ಳದಿದ್ದ ಸುಮಾ ಮೆಚ್ಚಿಕೊಂಡಳು. ನಾನು ಅಲ್ಲ ಎನ್ನಲಿಲ್ಲ.