ಬಸ್‌ಸ್ಟ್ಯಾಂಡಿಗೆಲ್ಲ ಒಂದೇ ಬಿಲ್ಲೆ

ಲಕ್ಷ್ಮೀಶ ಮೇಷ್ಟ್ರ ಮನೆಯಲ್ಲಿ ಸಕ್ಕರೆ ಮುಗಿದದ್ದೇ ಎಲ್ಲಕ್ಕೂ ಮೂಲ.

ಆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅವರ ಹೆಂಡತಿ ಮಂಜುಳಾಳ ಅಕ್ಕ, ಭಾವ ಹಾಸನದಿಂದ ಜಾವಗಲ್ಲಿಗೆ ಬರುವವರಿದ್ದರು. ಭಾವ ಧರ್ಮೇಶ್ ಬ್ಯಾಂಕಿನ ಕ್ಯಾಷಿಯರ್. ಅವರಿಗೆ ಕೇಸರಿಬಾತ್ ಮಾಡಿ ಹಾಕದಿದ್ದರೆ ಮುಂದಿನ ಯುಗಾದಿಯವರೆಗೂ ಮಂಜುಳಾಳ ತವರಿನಲ್ಲಿ ಅದೇ ಮಾತು. ಸಂಬಳ ಇನ್ನೂ ಆಗಿರಲಿಲ್ಲ. ಮೇಷ್ಟ್ರ ಜೇಬು ಮಾತ್ರ ಗಬ್ಬದ ಎಮ್ಮೆಯಂತೆ ಉಬ್ಬಿತ್ತು. ಒಳಗಿದ್ದದ್ದು ದುಡ್ಡಲ್ಲ, ಸಿದ್ದಬಸಪ್ಪನ ಹೋಟೆಲಿನ ರಟ್ಟಿನ ಬಿಲ್ಲೆಗಳು.

ಆಗ ಊರಲ್ಲಿ ಚಿಲ್ಲರೆಗೆ ಬರ. ಕಂಡಕ್ಟರು ಕೊಡಬೇಕಾದ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದ. ಬಸ್‌ಸ್ಟ್ಯಾಂಡಿನ ಪಕ್ಕ ಸಿದ್ದಬಸಪ್ಪ ಎಂಟಾಣೆಗೆ ಬದಲು ಮೊಹರೊತ್ತಿದ ರಟ್ಟಿನ ಚೂರು ಕೊಡುತ್ತಿದ್ದ. ಅವನ ಗೋಡೆಗೇ ಅಂಟಿಕೊಂಡಿದ್ದ ದಿನಸಿ ಅಂಗಡಿಯ ವಿಶಾಲಮ್ಮ ತೆಂಗಿನ ಚಿಪ್ಪನ್ನು ಗುಂಡಗೆ ಕತ್ತರಿಸಿ, ಕಾದ ಮೊಳೆಯಿಂದ ಗುರುತು ಸುಟ್ಟು ಕೊಡುತ್ತಿದ್ದಳು. ಅವನ ರಟ್ಟು ಅವಳಲ್ಲಿ ನಡೆಯದು, ಅವಳ ಚಿಪ್ಪು ಅವನಲ್ಲಿ ನಡೆಯದು.

"ಸಾಂಬಾರ್ ವಾಸನೆ ಹೊಡೀತೈತೆ ಮೇಷ್ಟ್ರೇ. ಇದನ್ನ ಗಲ್ಲಾದಾಗೆ ಇಟ್ರೆ ಇರುವೆ ಬತ್ತವೆ," ಎಂದು ವಿಶಾಲಮ್ಮ, ಸಕ್ಕರೆಗೆಂದು ಮೇಷ್ಟ್ರು ಮುಂದಿಟ್ಟ ರಟ್ಟುಗಳನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು.

ಮೇಷ್ಟ್ರಿಗೆ ಬೆಳಿಗ್ಗೆ ಪೇಪರಿನಲ್ಲಿ ಓದಿದ್ದು ನೆನಪಾಯಿತು. ಯುರೋಪಿನ ಹನ್ನೆರಡು ದೇಶಗಳು ತಂತಮ್ಮ ನಾಣ್ಯ ಬಿಟ್ಟು ಒಂದೇ ನಾಣ್ಯ ಮಾಡಿಕೊಂಡಿದ್ದವು. ಅಷ್ಟು ದೊಡ್ಡ ದೇಶಗಳಿಗೆ ಆದದ್ದು ಒಂದು ಗೋಡೆ ಹಂಚಿಕೊಂಡವರಿಗೆ ಆಗದೇ? ಇಬ್ಬರನ್ನೂ ಹೋಟೆಲಿನ ಬೆಂಚಿಗೆ ಕರೆದು ಕೂರಿಸಿದರು.

ಸಿದ್ದಬಸಪ್ಪನಿಗೆ ವಿಚಾರ ಹಿಡಿಸಿತು, ಮೊಹರು ತನ್ನದೇ ಇರುವುದಾದರೆ. ವಿಶಾಲಮ್ಮನಿಗೂ ಹಿಡಿಸಿತು, ಚಿಪ್ಪು ತನ್ನದೇ ಇರುವುದಾದರೆ. ಅಲ್ಲದೆ ಒಂದು ಚಿಪ್ಪಿಗೆ ಎರಡು ರಟ್ಟು ಕೊಡಬೇಕಂತೆ, ಚಿಪ್ಪು ನೀರಲ್ಲಿ ನೆನೆಯುವುದಿಲ್ಲವಂತೆ. ಅವಳ ಚಿಪ್ಪಿನಿಂದ ತನ್ನ ಗಿರಾಕಿಗಳ ಜೇಬುಗಳೆಲ್ಲ ತೂತು ಬಿದ್ದಿವೆ ಎಂದು ಸಿದ್ದಬಸಪ್ಪ ಕೆರಳಿದ. ಕಾಫಿಗೆ ಬಂದವರು ಕಾಫಿ ಆರಲು ಬಿಟ್ಟು ಎರಡು ಪಕ್ಷವಾದರು.

ಕೊನೆಗೆ ಬೀಡಾ ಅಂಗಡಿಯ ಮರಿಯಣ್ಣ ದಾರಿ ತೋರಿಸಿದ. "ಅವನ ಮೊಹರೂ ಬ್ಯಾಡ, ನಿನ್ನ ಮೊಳೇನೂ ಬ್ಯಾಡ ಕಣಕ್ಕ. ಒಂದಕ್ಕೊಂದು ಅಂತ ಮಾಡಿ, ಮೇಷ್ಟ್ರು ಕೆಂಪು ಮಸೀಲಿ ಸೈನ್ ಹಾಕ್ಲಿ. ಊರಾಗೆ ಕೆಂಪು ಮಸಿ ಇರಾದು ಅವರ ತಾವ ಮಾತ್ರ."

ಗೆದ್ದದ್ದು ಪಕ್ಕದ ಅಂಗಡಿಯವರಲ್ಲವಲ್ಲ ಎಂಬ ಸಮಾಧಾನದಿಂದ ಇಬ್ಬರೂ ಒಪ್ಪಿದರು.

ಮೇಷ್ಟ್ರು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಸಹಿ ಹಾಕತೊಡಗಿದರು. ಸುದ್ದಿ ತಿಳಿದು ಊರೇ ಬಂತು. ಮಡಿಲಲ್ಲಿ, ಟವೆಲ್ಲಿನಲ್ಲಿ, ಮಗುವಿನ ಕುಲಾವಿಯಲ್ಲಿ ರಟ್ಟು, ಚಿಪ್ಪು ತಂದು ಸುರಿದು ಹೊಸ ಬಿಲ್ಲೆ ಒಯ್ದರು. ಮೇಷ್ಟ್ರ ಪಕ್ಕದ ಮನೆಯ ಸಾವಿತ್ರಮ್ಮ ಒಂದು ಡಬ್ಬದ ತುಂಬ ಹೋಟೆಲಿನ ರಟ್ಟು ತಂದಾಗ ಮಾತ್ರ ಮೇಷ್ಟ್ರಿಗೆ ಸೋಜಿಗವಾಯಿತು. ಆಕೆ ಹೋಟೆಲಿನ ನೀರೂ ಮುಟ್ಟಿದವಳಲ್ಲ. ಕೇಳುವಷ್ಟು ಪುರುಸೊತ್ತು ಇರಲಿಲ್ಲ.

ಹಳೆಯ ಬಿಲ್ಲೆಗಳು ಮತ್ತೆ ತಲೆ ಎತ್ತದಿರಲೆಂದು ಎಲ್ಲವನ್ನೂ ಹೋಟೆಲಿನ ಒಲೆಗೆ ಹಾಕಿದರು. ಚಿಪ್ಪು ಚೆನ್ನಾಗಿ ಉರಿದು ಆ ದಿನ ಇಡ್ಲಿ ಬೇಗ ಬೆಂದವು. ಮೇಷ್ಟ್ರ ಬೆರಳು ಬದನೆಕಾಯಿಯಂತೆ ಊದಿತ್ತು. ಆದರೇನು, ತಮ್ಮ ಸಹಿಯ ಬಿಲ್ಲೆಗಳನ್ನೇ ವಿಶಾಲಮ್ಮನಿಗೆ ಕೊಟ್ಟು ಸಕ್ಕರೆ, ರವೆ, ದ್ರಾಕ್ಷಿ ತಂದು ಮಂಜುಳಾಳ ಮುಂದಿಟ್ಟರು.

ಮಧ್ಯಾಹ್ನ ಕೇಸರಿಬಾತ್ ಬಾಯಿಗಿಡುತ್ತ ಧರ್ಮೇಶ್ ಹೇಳಿದರು: "ಇಲ್ಲಿ ಚಿಲ್ಲರೆ ಸಿಗಲ್ಲ ಅಂತ ಮಂಜುಳಾ ಕಾಗದ ಬರೆದಿದ್ಲು. ಬ್ಯಾಂಕಿಗೆ ಹೊಸ ನಾಣ್ಯ ಬಂದಿತ್ತು, ಎರಡು ಚೀಲ ತಂದೆ. ಬಸ್ ಇಳಿದ ಕೂಡ್ಲೇ ಆ ಹೋಟೆಲಿನವರಿಗೂ ಪಕ್ಕದ ಅಂಗಡಿಯವರಿಗೂ ನೋಟು ತಗೊಂಡು ಕೊಟ್ಟೆ. ಇನ್ನು ನಿಮಗೆ ಬಿಲ್ಲೆ ಕಾಟ ಇಲ್ಲ ಬಿಡಿ ಮೇಷ್ಟ್ರೇ."

ಮೇಷ್ಟ್ರ ಚಮಚ ಬಾಯಿಯ ಹತ್ತಿರ ನಿಂತಿತು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಹೊಸ ಬಿಲ್ಲೆ ಹಿಡಿದ ಊರಿನವರ ಸಾಲು ಬೇಲಿ ದಾಟಿತ್ತು. ಮುಂದೆ ವಿಶಾಲಮ್ಮ, ಅವಳ ಹಿಂದೆ ಸಿದ್ದಬಸಪ್ಪ.

"ನಮ್ಮಿಬ್ರ ಬಿಲ್ಲೇನೂ ಒಲೆಗೋದ್ವು," ಎಂದಳು ವಿಶಾಲಮ್ಮ ಮೆತ್ತಗೆ. "ಈಗ ಚಿಲ್ಲರೆ ಬಂತು, ಈ ಬಿಲ್ಲೆ ಇನ್ನು ನಮ್ ತಾವ ನಡೆಯಾಕಿಲ್ಲ. ಇವುಗಳ ಮೇಲಿರಾದು ನಿಮ್ಮ ಸೈನು. ಇಸ್ಕಂಡು ದುಡ್ಡು ಕೊಟ್ಬುಡಿ. ನೀವು ಸಕ್ಕರೆಗೆ ಕೊಟ್ಟಿದ್ದೂ ಇದ್ರಾಗೇ ಐತೆ."

ಮೇಷ್ಟ್ರು ದಿಕ್ಕುಗಾಣದೆ ಭಾವನ ಕಡೆ ನೋಡಿದರು. ಧರ್ಮೇಶ್ ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಎರಡೂ ಬದಿ ತಿರುಗಿಸಿ ನೋಡಿದರು.

"ಸಹಿ ಯಾರದೋ ಜವಾಬ್ದಾರಿ ಅವರದೇ ಮೇಷ್ಟ್ರೇ. ಯಾವ ದೇಶಕ್ಕೆ ಹೋದ್ರೂ ಅಷ್ಟೇ," ಎಂದು ಇನ್ನೊಂದು ಸೌಟು ಕೇಸರಿಬಾತ್ ಹಾಕಿಸಿಕೊಂಡರು.

ಸಂಬಳವಾದ ದಿನ ಎಲ್ಲರಿಗೂ ಕೊಡುವೆನೆಂದು ಮೇಷ್ಟ್ರು ಕೈಮುಗಿದರು. ಸಾಲು ಗೊಣಗುತ್ತ ಕರಗಿತು. ಕೊನೆಗೆ ಉಳಿದವಳು ಸಾವಿತ್ರಮ್ಮ, ಕೈಯಲ್ಲಿ ಅದೇ ಡಬ್ಬ. ಅದನ್ನು ಆಕೆ ಮೇಷ್ಟ್ರಿಗೆ ಕೊಡದೆ, ಅವರ ಹಿಂದೆ ನಿಂತಿದ್ದ ಮಂಜುಳಾಳ ಕೈಗಿಟ್ಟಳು.

"ತಗೋ ತಾಯಿ. ಬೆಳಿಗ್ಗೆ ಬದಲಾಯಿಸಿಕೊಟ್ಟೆ. ದುಡ್ಡು ನೀನೇ ಕೇಳ್ಕೊ."

ಬಟ್ಟೆ ಒಗೆಯುವಾಗಲೆಲ್ಲ ಗಂಡನ ಜೇಬಿನಿಂದ ಬಿಲ್ಲೆ ತೆಗೆದು ಆ ಡಬ್ಬದಲ್ಲಿ ಕೂಡಿಹಾಕಿ, ಸಾವಿತ್ರಮ್ಮನ ಮನೆಯಲ್ಲಿ ಬಚ್ಚಿಟ್ಟವಳು ಮಂಜುಳಾ.

"ನಂಗೇನೂ ಅವಸರ ಇಲ್ಲ ಕಣ್ರೀ," ಎಂದಳು ಅವಳು. "ಎಲ್ಲಾರ್ದೂ ಆದ್ಮೇಲೆ ಕೊಡಿ. ಸಹಿ ಹೆಂಗೂ ನಿಮ್ದೇ ಅಲ್ವಾ?"